ನೀರಿಗೆ ಬಿಚ್ಚಿದ ನೂರು

ಹೋದ ವಾರ ನಮ್ಮ ಓಣಿಯಲ್ಲಿ ಕರೆಂಟಿನವರು ತಂತಿಗೆ ತಾಗುತ್ತಿದ್ದ ಬೇವಿನ ಕೊಂಬೆಗಳನ್ನು ಕಡಿದು ರಸ್ತೆಯ ಬದಿಗೆ ಎಳೆದುಹಾಕಿ ಹೋದರು. ಅಂದು ಮಳೆ ಬಿತ್ತು. ಮರುದಿನ ಬೆಳಿಗ್ಗೆ ಐದೂವರೆಗೆ, ಎಂದಿನಂತೆ ಮಾವಿನಕೆರೆಯ ಕಡೆ ನಡೆಯಲು ಹೊರಟಾಗ ಆ ವಾಸನೆ ಎದುರಾಯಿತು. ತೊಯ್ದ ಬೇವಿನ ಕಟ್ಟಿಗೆಯ ಕಹಿ ವಾಸನೆ. ನಾನು ನಡಿಗೆಯ ನಡುವೆ ನಿಲ್ಲುವವಳಲ್ಲ. ಅಂದು ನಿಂತೆ. ಅಳತೆ ತಾತ ನೆನಪಾದರು.

ಅವರ ಬಗ್ಗೆ ಬರೆಯುವಾಗ ಈಗ ಬಹುವಚನ ಬಳಸುತ್ತಿದ್ದೇನೆ. ಆಗ ಬಳಸಲಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನನಗೆ ಇಪ್ಪತ್ತೆರಡು. ಮಾನ್ವಿಯಿಂದ ಮಲ್ಲಟದ ದಾರಿಯಲ್ಲಿದ್ದ ಒಂದು ಸಣ್ಣ ಊರಿನ ಶಾಲೆಗೆ ಹೊಸ ಶಿಕ್ಷಕಿಯಾಗಿ ಸೇರಿದ್ದೆ. ಮಾನ್ವಿಯಲ್ಲಿ ನಾನೂ ಅವ್ವನೂ ಇಬ್ಬರೇ. ಅಪ್ಪ ತೀರಿಕೊಳ್ಳುವ ತನಕ ಗುಡಿಯ ಪೂಜೆ ನಮ್ಮ ಮನೆಯದಾಗಿತ್ತು. ಅವರು ಹೋದ ಮೇಲೂ ಮನೆಯ ಕ್ರಮ ಬದಲಾಗಲಿಲ್ಲ. ನಾಲ್ಕೂವರೆಗೆ ಏಳುವುದು, ಬಾವಿಯ ನೀರು, ಮಡಿ, ಆಮೇಲೆ ಒಲೆ. ಎಂಟರ ಬಸ್ಸು. ಸಂಜೆ ಐದೂಕಾಲರ ಬಸ್ಸು. ಶಾಲೆಯಲ್ಲೂ ಅದೇ ಕ್ರಮ ತಂದೆ. ಪ್ರಾರ್ಥನೆ, ಮಗ್ಗಿ, ಬಾಯಿಲೆಕ್ಕ, ಹಲಗೆ. ತಪ್ಪಿದವರಿಗೆ ಅಂಗೈ ಮೇಲೆ ಎರಡು ಪೆಟ್ಟು.

ಮೂರನೆಯ ತರಗತಿಗೆ ಸ್ಥಾನಬೆಲೆ ಕಲಿಸಬೇಕಿತ್ತು. ಬಿಡಿ, ಹತ್ತು, ನೂರು. ನಾನು ಹಲಗೆಯ ಮೇಲೆ ಮೂರು ಮನೆ ಕೊರೆದು ಅಂಕಿ ಬರೆದು ತೋರಿಸಿದೆ. ಒಂದು ತಿಂಗಳು ತೋರಿಸಿದೆ. ನೂರಾ ಐದು ಬರೆಯಿರಿ ಎಂದರೆ ಮುಕ್ಕಾಲು ತರಗತಿ ಮೊದಲು ನೂರು ಬರೆದು ಅದರ ಪಕ್ಕಕ್ಕೆ ಐದು ಹಚ್ಚುತ್ತಿತ್ತು. 1005. ಅವರು ಕೇಳಿದ್ದನ್ನೇ ಬರೆಯುತ್ತಿದ್ದರು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕೂಡುತ್ತಿದ್ದಳು. ಊರ ಹೊರಗಿನ ಕೇರಿಯವಳು, ಕೂಲಿ ಮನೆತನ. ಎರಡು ಸಲ ಅದೇ ತರಗತಿಯಲ್ಲಿ ಉಳಿದವಳು. ಎದ್ದು ನಿಂತು ಎಣಿಸು ಎಂದರೆ, "ಲಾಭ, ಎರಡು, ಮೂರು, ನಾಕು..." ಎನ್ನುತ್ತಿದ್ದಳು. ಒಂದು ಎನ್ನುತ್ತಲೇ ಇರಲಿಲ್ಲ. ಉಳಿದವರು ನಗುವರು. ನಾನು ತಿದ್ದಿದೆ. ಮತ್ತೆ ಲಾಭ. ಮೂರನೆಯ ಸಲಕ್ಕೆ ಕೈ ಚಾಚು ಎಂದೆ.

ಮರುದಿನ ಶಾಲೆಯ ಮುಂದಿನ ಬೇವಿನ ಗಿಡದ ಬುಡದಲ್ಲಿ ಮುದುಕರೊಬ್ಬರು ಬಂದು ನಿಂತಿದ್ದರು. ತಲೆಗೆ ಕೆಂಪು ವಸ್ತ್ರ, ಕೈಯಲ್ಲಿ ಚಪ್ಪಲಿ. ಹುಡುಗಿಯ ತಾತ. ಸುಗ್ಗಿಯಲ್ಲಿ ಊರವರ ಕಣಗಳಲ್ಲಿ ಜೋಳದ ರಾಶಿಯನ್ನು ಸೇರಿನಿಂದ ಅಳೆದು ಚೀಲಕ್ಕೆ ಹಾಕುವ ಕೆಲಸ ಅವರದು. ಅದಕ್ಕೇ ಊರೆಲ್ಲ ಅವರಿಗೆ ಅಳತೆ ತಾತ ಎನ್ನುತ್ತಿತ್ತು.

"ಅಕ್ಕೋರ, ನಮ್ಮ ಹುಡುಗಿ ಏನು ತಪ್ಪು ಮಾಡ್ಯಾಳ್ರಿ?"

"ಒಂದಕ್ಕ ಒಂದು ಅನ್ನೂದಿಲ್ಲ. ಲಾಭ ಅಂತಾಳ. ಯಾರು ಕಲಿಸ್ಯಾರ ಅದನ್ನ?"

"ನಾನ ರೀ," ಎಂದು ಅವರು ನಕ್ಕು, ತಮ್ಮ ಅಂಗೈ ಚಾಚಿದರು. "ಹೊಡಿಯೂದಿದ್ರ ಇಲ್ಲಿ ಹೊಡೀರಿ. ರಾಶಿ ಮುಂದ ಒಂದು ಅನ್ನಂಗಿಲ್ರಿ. ಒಂದು ಅಂದ್ರ ಒಂದಕ್ಕ ನಿಂತುಬಿಡ್ತದ. ಲಾಭ ಅಂತ ಸುರು ಮಾಡಬೇಕು. ಆಕಿ ಕಣದಾಗ ನನ್ನ ಬಾಜೂಕ ಕುಂತು ಕಲ್ತಾಳ."

ಆ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಸೇರಿನ ಕಂಠ ತಿಕ್ಕಿ ತಿಕ್ಕಿ ನುಣ್ಣಗಾಗಿತ್ತು.

ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ, ನೂರಾರು ಸೇರು ಅಳೆಯುತ್ತೀಯಲ್ಲ, ಲೆಕ್ಕ ತಪ್ಪುವುದಿಲ್ಲವೇ ಎಂದು. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ತೋರಿಸಿದರು. ಹತ್ತು ಸೇರಿಗೆ ಒಂದು ಸಣ್ಣ ಹರಳು, ಅವರ ಮಾತಿನಲ್ಲಿ ಹಳ್ಳು. ಹತ್ತು ಹರಳು ಕೂಡಿದರೆ ಅವನ್ನೆಲ್ಲ ತೆಗೆದು ಒಂದು ದೊಡ್ಡ ಕಲ್ಲು. ನೂರಾ ಐದು ಮಾಡು ಎಂದೆ. ಎಡಕ್ಕೆ ಒಂದು ದೊಡ್ಡ ಕಲ್ಲು ಇಟ್ಟರು. ನಡುವೆ ಅಂಗೈಯಿಂದ ಮಣ್ಣು ಸವರಿ ಗೇಣಿನಷ್ಟು ಬರಿ ನೆಲ ಬಿಟ್ಟರು. ಬಲಕ್ಕೆ ಬೇವಿನ ಬೀಜ ಐದು.

"ಈ ನಡುವ ಏನು?"

"ಹತ್ತರ ಹಳ್ಳಿನ ಜಾಗರಿ ಅದು. ಇವತ್ತು ಇಲ್ಲ. ಇಲ್ಲ ಅಂತ ಜಾಗ ಮುಚ್ಚಬಾರದು ನೋಡ್ರಿ. ಬರಾಂವ ಬಂದು ಎಲ್ಲಿ ಕುಂದ್ರಬೇಕು?"

ಒಂದು ತಿಂಗಳು ಹಲಗೆಯ ಮೇಲೆ ಸೊನ್ನೆ ಬರೆದು ಒರೆಸಿದ್ದೆ. ಸೊನ್ನೆ ಏಕೆ ಬೇಕು ಎಂಬುದು ಆ ಬರಿ ನೆಲ ನೋಡಿದಾಗ ತಿಳಿಯಿತು.

ನನ್ನ ತರಬೇತಿಯ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಚೌಕ ಕಟ್ಟಿಗೆಯ ತುಂಡು ಒಂದು ಬಿಡಿ. ಅಂಥ ಹತ್ತು ತುಂಡು ಸೇರಿದ ಕೋಲು ಹತ್ತು. ಹತ್ತು ಕೋಲು ಸೇರಿದ ಹಲಗೆ ನೂರು. ಅದನ್ನು ತೋರಿಸಿದೆ. ಅವರು ಪುಸ್ತಕ ಮುಟ್ಟಲಿಲ್ಲ. ನಾನು ಹಿಡಿದುಕೊಂಡಿದ್ದೆ, ಅವರು ಬಗ್ಗಿ ನೋಡಿದರು.

"ಬಿಡಿ ಅಂತೀರೇನ್ರಿ ಇದಕ್ಕ? ನಮ್ಮ ಕೇರ್ಯಾಗ ಬೀಡಿ ಸೇದತಾರ, ನಿಮ್ಮ ಸಾಲ್ಯಾಗ ಬಿಡಿ ಎಣಸ್ತಾರ. ಆತು, ನಾ ಮಾಡ್ಕೊಡ್ತೀನಿ."

ನೂರರ ಹಲಗೆಗೆ ಗೆರೆ ಕೊರೆದು ಕೊಟ್ಟರೂ ನಡೆಯುತ್ತದೆ, ಅಷ್ಟೊಂದು ತುಂಡು ಕತ್ತರಿಸಬೇಡ ಎಂದೆ. ಅವರು ಒಪ್ಪಲಿಲ್ಲ.

"ಗೆರಿ ಕೊರದ್ರ ಸುಳ್ಳಾಗ್ತದ್ರಿ ಅಕ್ಕೋರ. ನೂರು ಅಂದ್ರ ಒಳಗ ನೂರು ಇರಬೇಕು."

ಹೋಗುವ ಮುಂಚೆ ನಿಂತು, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ಈ ಸಲ ನಪಾಸಾದ್ರ ನನ್ನ ಮಗ ಆಕಿನ ದೇವದುರ್ಗಕ್ಕ ಕಳಸ್ತಾನ್ರಿ, ಸೋದರತ್ತಿ ಮನಿಗೆ. ಎಮ್ಮಿ ಕಾಯಾಕ. ಆಮ್ಯಾಲ ಅಲ್ಲೇ ಲಗ್ನ. ಪಾಸಾದ್ರ ಓದಸ್ತೀನಂತ ಮಾತು ಕೊಟ್ಟಾನ. ಈ ಒಂದು ವರ್ಷ ನಾನು ಜಗಳಾಡಿ ಇಸ್ಕೊಂಡೀನಿ."

ಕಟ್ಟಿಗೆ ಬರಲು ಎರಡು ತಿಂಗಳಾಯಿತು. ಯಾರದೋ ಗರಗಸ ಕೇಳಿ ತಂದು ಬೇವಿನ ಟೊಂಗೆ ಸೀಳಿ, ತುಂಡು ಮಾಡಿ, ಒಂದೊಂದನ್ನೂ ಬಂಡೆಗೆ ತಿಕ್ಕಿ ಸಮ ಮಾಡಿದ್ದರು. ಜಾಲಿ ಗಿಡದ ಅಂಟು ಕೂಡಿಸಿ, ಅದರಿಂದ ಹತ್ತು ಕೋಲು, ಮೂರು ನೂರಿನ ಹಲಗೆ ಅಂಟಿಸಿದ್ದರು. ಮೇಲೆ ಮೂವತ್ತು ಬಿಡಿ. ಹುಡುಗಿ ಚೀಲ ಹೊತ್ತು ತಂದು ನನ್ನ ಮೇಜಿನ ಮೇಲೆ ಇಟ್ಟಳು.

ಆಮೇಲಿನ ದಿನಗಳು ಚೆನ್ನಾಗಿದ್ದವು. ಮಕ್ಕಳು ಹತ್ತು ಬಿಡಿ ಎಣಿಸಿ ನನ್ನ ಕೈಗೆ ಕೊಟ್ಟು ಒಂದು ಕೋಲು ಇಸಿದುಕೊಳ್ಳುತ್ತಿದ್ದರು. ಕೊಟ್ಟ ಮೇಲೆ ಅವರ ಕೈ ಖಾಲಿ. ಖಾಲಿ ಕೈ ಎತ್ತಿ "ಸೊನ್ನಿ" ಎಂದು ಕೂಗುತ್ತಿದ್ದರು. ವಾರದೊಳಗೆ 1005 ಮಾಯವಾಯಿತು. ತಾತ ಕೆಲಸವಿಲ್ಲದ ದಿನ ಬಂದು ಬೇವಿನ ಬುಡದಲ್ಲಿ ಕೂತು ಬಾಗಿಲಿಂದ ಕಾಣುವಷ್ಟನ್ನು ನೋಡುತ್ತಿದ್ದರು. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ಅವರು ಬರುತ್ತೇನೆ ಎನ್ನಲೂ ಇಲ್ಲ. ಬಾಗಿಲು ಅಷ್ಟು ಅಗಲವಾಗಿ ತೆರೆದೇ ಇತ್ತು...

ಹುಡುಗಿ ಹಲಗೆಯ ಮೇಲೆ ಬರೆಯುವ ಲೆಕ್ಕದಲ್ಲಿ ಇನ್ನೂ ತಡವರಿಸುತ್ತಿದ್ದಳು. ಕಟ್ಟಿಗೆ ಕೈಗೆ ಕೊಟ್ಟರೆ ಯಾವ ಸಂಖ್ಯೆಯನ್ನಾದರೂ ಮಾಡುತ್ತಿದ್ದಳು. ಯುಗಾದಿಗೆ ಹದಿನೈದು ದಿನವಿರುವಾಗ ತಪಾಸಣೆಯ ಸಾಹೇಬರು ಬರುವ ಸುದ್ದಿ ಬಂತು. ಎರಡು ಸಲ ಉಳಿದ ಮಕ್ಕಳನ್ನು ಅವರೇ ಕೇಳಿ ತೀರ್ಮಾನ ಮಾಡುವುದು ರೂಢಿ. ಕಟ್ಟಿಗೆಯಿಂದ ತೋರಿಸಲು ಬಿಡುತ್ತೀರಾ ಎಂದು ನಾನು ಮೊದಲೇ ಕೇಳಿಸಿದ್ದೆ. ಆಗಲಿ ಎಂದಿದ್ದರು. ಸೋಮವಾರ ಬರುವವರಿದ್ದರು.

ಶನಿವಾರ ನಾನು ಕಟ್ಟಿಗೆಗಳನ್ನು ಮಾನ್ವಿಗೆ ತಂದೆ. ಬಿಡಿಗೊಂದು, ಹತ್ತಕ್ಕೊಂದು, ನೂರಕ್ಕೊಂದು ಚೀಲ ಹೊಲಿಯುವ ಆಸೆ ನನಗೆ. ಒಂದೇ ಗೋಣಿಚೀಲದಲ್ಲಿ ಎಲ್ಲವೂ ಕಲೆತಿದ್ದದ್ದು ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಭಾನುವಾರ ಸಂಜೆ ಅವ್ವ ಪಡಸಾಲೆಯಲ್ಲಿ ಅವನ್ನು ನೋಡಿದಳು.

"ಯಾರು ಮಾಡಿದ್ದಽ ಇವು?"

ಹೇಳಿದೆ. ಸುಳ್ಳು ಹೇಳುವ ಅಭ್ಯಾಸ ಆಗ ಇರಲಿಲ್ಲ.

"ಅಯ್ಯ, ಹೇಳಬಾರದ? ಒಳಗ ತಂದು ಹರವೀಯಲ್ಲಽ! ಹಿತ್ತಲ ದೋಣ್ಯಾಗ ಹಾಕು. ನೀರು ಸೇದು. ಮುಂಜಾನೆ ತನಕ ನೆನೀಲಿ."

ದೋಣಿ ಎಂದರೆ ಬಾವಿಯ ಪಕ್ಕ ನೀರು ತುಂಬಿಡುವ ಕಲ್ಲಿನ ತೊಟ್ಟಿ. ನಮ್ಮ ಮನೆಯ ಜೋಳವನ್ನು ಅಳೆದು ಕೊಟ್ಟವರೂ ಅಂಥದೇ ಕೇರಿಯವರು. ಅದನ್ನು ನಾವು ತಿನ್ನುತ್ತಿದ್ದೆವು. ಅದು ಆ ಹೊತ್ತಿಗೆ ನನಗೆ ತೋಚಲಿಲ್ಲ. ತೋಚಿದ್ದು ಬೇರೆ. ಜಾಲಿ ಅಂಟು ನೀರಿಗೆ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅದನ್ನೇ ನೀರಲ್ಲಿ ಕರಗಿಸಿ ಹಾಳೆ ಅಂಟಿಸಿದವಳು ನಾನು. "ಅವ್ವ, ಬಿಚ್ಚತಾವ" ಎನ್ನುವ ಎರಡು ಮಾತು ಬಾಯಿಗೆ ಬಂದಿತ್ತು. ಆದರೆ ಅದು ನೀರು ಸೇದುವ ವೇಳೆ. ಅವ್ವ ಹೇಳುವುದು, ನಾನು ಸೇದುವುದು. ಹಗ್ಗ ಕೈಗೆ ಬಂತು. ಎಂಟು ಕೊಡ ಸೇದಿ ಹಾಕಿದೆ.

ಬೆಳಿಗ್ಗೆ ದೋಣಿಯಲ್ಲಿ ಕೋಲೂ ಇರಲಿಲ್ಲ, ಹಲಗೆಯೂ ಇರಲಿಲ್ಲ. ಬರಿ ತುಂಡುಗಳು, ಉಬ್ಬಿ, ಕಪ್ಪಗೆ, ಕಹಿ ವಾಸನೆ ಬಿಡುತ್ತ. ನೀರು ಬಸಿದು, ಸೆರಗಿನಲ್ಲಿ ಒರೆಸಿ, ಹೊಸದಾಗಿ ಹೊಲಿದ ಮೂರು ಚೀಲಕ್ಕೆ ಹೇಗೋ ತುಂಬಿ ಎಂಟರ ಬಸ್ಸು ಹತ್ತಿದೆ.

ಸಾಹೇಬರು ಹತ್ತಕ್ಕೆ ಬಂದರು. ತಾತ ಅಷ್ಟು ಹೊತ್ತಿಗೇ ಬೇವಿನ ಬುಡದಲ್ಲಿದ್ದರು, ತಲೆಗೆ ಒಗೆದ ವಸ್ತ್ರ. ಹುಡುಗಿಯ ಸರದಿ ಬಂದಾಗ ಸಾಹೇಬರು, "ಇನ್ನೂರಾ ಹದಿಮೂರು ಮಾಡಿ ತೋರಿಸವಾ," ಎಂದರು. ಅವಳು ನೂರರ ಚೀಲಕ್ಕೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಹತ್ತರ ಚೀಲಕ್ಕೆ ಹಾಕಿದಳು. ನನ್ನನ್ನು ನೋಡಿದಳು.

"ಅಕ್ಕೋರ, ನೂರು ಇಲ್ರಿ ಇದರಾಗ. ಎಲ್ಲಾ ಬಿಡಿ ಅದಾವ."

"ಏನ್ರಿ ಇದು? ಯಾರು ಮಾಡಿದ್ದು?" ಸಾಹೇಬರು ನನ್ನ ಕಡೆ ತಿರುಗಿದರು.

"ಊರಿನವರೊಬ್ಬರು, ಸರ್. ಅಂಟು ಸರಿಯಿಲ್ಲ," ಎಂದೆ.

ಬಾಗಿಲಿನಿಂದ ಬೇವಿನ ಗಿಡಕ್ಕೆ ಹತ್ತು ಹೆಜ್ಜೆ. ನನ್ನದು ತರಗತಿ ನಡೆಸುವ ದನಿ. ಹೊರಗೆ ಚೆನ್ನಾಗಿ ಕೇಳಿಸುತ್ತಿತ್ತು.

ಹುಡುಗಿ ಮೂರೂ ಚೀಲ ನೆಲಕ್ಕೆ ಸುರುವಿ ಕೂತಳು. "ಲಾಭ, ಎರಡು, ಮೂರು..." ತರಗತಿ ಗೊಳ್ಳೆಂದಿತು. ಸಾಹೇಬರಿಗೂ ನಗು ತಡೆಯಲಿಲ್ಲ. "ಸಾಲಿಗೆ ಬಂದಾಳೋ, ಸಂತಿಗೆ ಬಂದಾಳೋ?" ಎಂದರು. ಅವಳು ತಲೆ ಎತ್ತಲಿಲ್ಲ. ನಲವತ್ತು, ಐವತ್ತು... ಸಾಹೇಬರು ಗಡಿಯಾರ ನೋಡಿ, ಹಾಳೆಯ ಮೇಲೆ ಏನೋ ಬರೆದು ಎದ್ದರು. ನಾನು ಅವರ ಹಿಂದೆ ಹೋದೆ. ಪಕ್ಕದ ಕೋಣೆ ತೋರಿಸುವುದು, ಚಹಾ, ಜೀಪಿನ ತನಕ ಬೀಳ್ಕೊಡುವುದು, ಎಲ್ಲ ಕ್ರಮವಾಗಿ ಆಯಿತು.

ತಿರುಗಿ ಬಂದಾಗ ಉಳಿದ ಮಕ್ಕಳು ಊಟಕ್ಕೆ ಹೋಗಿದ್ದರು. ಅವಳೊಬ್ಬಳೇ ಇದ್ದಳು. ನೆಲದ ಮೇಲೆ ತುಂಡುಗಳು ಸಾಲಾಗಿ ನಿಂತಿದ್ದವು. ಹತ್ತರ ಸಾಲು, ಹತ್ತರ ಸಾಲು. ಹತ್ತು ಸಾಲು ಕೂಡಿದಲ್ಲಿ ಒಂದು ಗೇಣು ಬಿಟ್ಟು ಮತ್ತೆ ಹತ್ತು ಸಾಲು. ಆಮೇಲೆ ಒಂದು ಸಾಲು. ಕೊನೆಗೆ ಮೂರು ತುಂಡು.

"ಆತ್ರಿ ಅಕ್ಕೋರ. ಎರಡು ನೂರು, ಒಂದು ಹತ್ತು, ಮೂರು ಬಿಡಿ. ಸಾಹೇಬ್ರು ಎಲ್ರಿ?"

ಜೀಪು ಆಗಿನ್ನೂ ಕೆರೆಯ ಏರಿಯ ಮೇಲಿತ್ತು, ಧೂಳು ಕಾಣುತ್ತಿತ್ತು. ನಾನು ಓಡಲಿಲ್ಲ.

ತಾತ ಹೊಸ್ತಿಲ ಹೊರಗೆ ಬಂದು ನಿಂತರು. ಬಗ್ಗಿ, ಅಲ್ಲಿಗೆ ಉರುಳಿ ಬಂದಿದ್ದ ಒಂದು ತುಂಡನ್ನು ಎತ್ತಿ ಉಗುರಿಂದ ಒತ್ತಿದರು. ಮೂಗಿಗೆ ಹಿಡಿದರು.

"ನೀರು ಬಿದ್ದಾವೇನ್ರಿ ಇವಕ್ಕ?"

"ಮಳಿ ಬಂದಿತ್ತು," ಎಂದೆ. "ಮಾನ್ವ್ಯಾಗ."

ಯುಗಾದಿಗೆ ಇನ್ನು ಹತ್ತು ದಿನವಿತ್ತು. ಮಾರ್ಗಶಿರದಿಂದ ಈಚೆಗೆ ಆ ಸೀಮೆಯಲ್ಲಿ ಒಂದು ಹನಿ ಬಿದ್ದಿರಲಿಲ್ಲ. ತಾತ ಮಾನ್ವಿಯ ದಿಕ್ಕಿನ ಆಕಾಶ ನೋಡಿದರು. ಎಷ್ಟೋ ಹೊತ್ತು ನೋಡಿದರು ಎನ್ನಿಸುತ್ತದೆ ನನಗೆ...

"ಹೂಂ ರೀ. ಬಂದಿರಬೇಕು," ಎಂದರು. ಆಮೇಲೆ, "ಹುಡುಗಿ ಎಣಿಕಿ ತಪ್ಪಿಲ್ಲಲ್ರಿ?"

"ಇಲ್ಲ."

"ಹಂಗಾದ್ರ ಅಷ್ಟನ್ನ ಕಾಗದದಾಗ ಬರೀರಿ."

"ಸಾಹೇಬರು ಬರದು ಹೋದರು."

ತಾತ ಚೀಲಗಳನ್ನು ಹೊಸ್ತಿಲಾಚೆ ಇಡಿಸಿಕೊಂಡು ಹೊತ್ತು ಹೋದರು. ಹುಡುಗಿ ಹಿಂದಿನಿಂದ ಹೋದಳು.

ಜೂನ್‌ನಲ್ಲಿ ಶಾಲೆ ತೆರೆದಾಗ ಹಿಂದಿನ ಸಾಲಿನಲ್ಲಿ ಅವಳಿರಲಿಲ್ಲ. ದೇವದುರ್ಗಕ್ಕೆ ಹೋದಳು ಎಂದು ಮಕ್ಕಳು ಹೇಳಿದರು. ಸರಿದು ಕೂತು ಆ ಜಾಗ ತುಂಬಿದ್ದರು.

ಎರಡನೆಯ ವಾರ ತಾತ ಬಂದರು. ಅದೇ ಮೂರು ಚೀಲ. ಕೋಲುಗಳು ಮತ್ತೆ ಕೋಲುಗಳಾಗಿದ್ದವು, ಹಲಗೆಗಳು ಹಲಗೆಗಳಾಗಿದ್ದವು. ಈ ಸಲ ಅಂಟು ಇರಲಿಲ್ಲ. ಕಾಯಿಸಿದ ಸಲಾಕೆಯಿಂದ ಒಂದೊಂದು ತುಂಡಿಗೂ ತೂತು ಸುಟ್ಟು, ತಂತಿ ಪೋಣಿಸಿ, ತುದಿಗಳನ್ನು ಒಳಕ್ಕೆ ಮಡಚಿದ್ದರು, ಮಕ್ಕಳ ಕೈಗೆ ಚುಚ್ಚದಂತೆ. ಮೊಮ್ಮಗಳಿಲ್ಲದ ಶಾಲೆಗೆ.

"ಇನ್ನ ಮಾನ್ವ್ಯಾಗ ಎಷ್ಟು ಮಳಿ ಬಂದ್ರೂ ಬಿಚ್ಚಂಗಿಲ್ರಿ ಅಕ್ಕೋರ," ಎಂದರು.

ಅವರ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಸಿಟ್ಟು ಹುಡುಕಿದೆ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಚೀಲಗಳನ್ನು ಹೊಸ್ತಿಲ ಮೇಲಿಟ್ಟು, ತಮ್ಮ ಕೈ ಹಿಂದಕ್ಕೆ ತೆಗೆದ ಮೇಲೆಯೇ "ತಗೋರಿ" ಎಂದರು. ನಾನು ತೆಗೆದುಕೊಂಡೆ. ಅದೇ ಅವರನ್ನು ನೋಡಿದ ಕೊನೆ. ನನಗೆ ವರ್ಗವಾಯಿತು. ಎರಡು ವರ್ಷದ ಮೇಲೆ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಆ ಊರಿನವರೊಬ್ಬರು ಸಿಕ್ಕು, ಸುಗ್ಗಿಯ ಮುಂಚೆ ತಾತ ತೀರಿಕೊಂಡರೆಂದು ಹೇಳಿದರು. ಬಸ್ಸು ಹೊರಟಿತ್ತು, ಹೆಚ್ಚು ಕೇಳಲಾಗಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ದೇವದುರ್ಗದ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋದೆ. ಪ್ರತಿ ಜೂನ್‌ನಲ್ಲಿ ಮಕ್ಕಳನ್ನು ಸೇರಿಸಲು ಬರುವ ತಾಯಂದಿರ ಮುಖ ನೋಡುತ್ತಿದ್ದೆ. ಒಂದು ವರ್ಷ ಒಬ್ಬಳು ಮಗಳ ಕೈ ಹಿಡಿದು ಬಂದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ತಲೆ ತಗ್ಗಿಸಿ ನಿಲ್ಲುವ ಆ ರೀತಿ...

"ನಿನ್ನ ತವರುಮನೆ ಎಲ್ಲವಾ?"

"ಮಲ್ಲಟದ ಕಡೆರಿ."

"ನಿಮ್ಮ ತಾತ ರಾಶಿ ಅಳೀತಿದ್ದರೇನು?"

ಅವಳು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. "ಆ ಕಡಿ ಎಲ್ಲಾರ ತಾತನೂ ರಾಶಿ ಮುಂದ ಕುಂತಾವ್ರ ರೀ ಅಕ್ಕೋರ. ಹೊತ್ತಾತು, ಕೂಸಿನ ಹೆಸರು ಬರಕೊಳ್ರಿ."

ಬರೆದುಕೊಂಡೆ. ಸಹಿಗೆ ಪೆನ್ನು ಮುಂದೆ ಹಿಡಿದೆ.

"ನಾ ಸಾಲಿ ಮುಖಾನ ನೋಡಿಲ್ರಿ," ಎಂದು ಎಡಗೈ ಹೆಬ್ಬೆರಳನ್ನು ಮಸಿಗೆ ಒತ್ತಿದಳು. ನಾನು ತೋರಿಸುವ ಮುಂಚೆಯೇ ಸರಿಯಾದ ಗೆರೆಯ ಮೇಲೆ, ಸರಿಯಾದ ಹೆಸರಿನ ಮುಂದೆ ಒತ್ತಿದಳು. ಓದಲು ಬಾರದವರು ಸಾಮಾನ್ಯವಾಗಿ ಎಲ್ಲಿ ಎಂದು ಕೇಳುತ್ತಾರೆ.

ಆ ಮಗು ನಮ್ಮಲ್ಲಿ ಏಳನೆಯ ತರಗತಿಯ ತನಕ ಓದಿತು. ತಾಯಿ ಆಗಾಗ ಗೇಟಿನ ತನಕ ಬರುತ್ತಿದ್ದಳು. ನಾನು ಎದ್ದು ಹೋಗಿ, "ಒಳಗ ಬಾರವಾ," ಎಂದು ಕರೆಯುತ್ತಿದ್ದೆ. ಪ್ರತಿ ಸಲ ಕರೆದೆ. "ಇರಲಿ ರೀ, ಇಲ್ಲೇ ಛಲೋ ಅದ," ಎಂದು ಹೊರಗೇ ನಿಲ್ಲುತ್ತಿದ್ದಳು. ಅವಳೇ ಇವಳೋ, ಬೇರೆ ಯಾರೋ, ನನಗೆ ಇಂದಿಗೂ ಗೊತ್ತಿಲ್ಲ.

ಈಗ ನನಗೆ ಎಪ್ಪತ್ತಮೂರು. ಅವ್ವ ಹೋಗಿ ಬಹಳ ಕಾಲವಾಯಿತು. ಮಾನ್ವಿಯ ಮನೆ ಬೇರೆಯವರದಾಗಿದ್ದು, ಬಾವಿ ಮುಚ್ಚಿದ್ದಾರೆ. ಬೆಳಿಗ್ಗೆಯ ನಡಿಗೆ ಮುಗಿಸಿ ಬಂದು, ಮಾತ್ರೆ ನುಂಗಿ, ಪೇಪರು ಓದುವ ಹೊತ್ತಿನಲ್ಲಿ ಇದನ್ನು ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಜೂನ್‌ನ ಆ ದಿನ ತಾತ ಹೊಸ್ತಿಲಲ್ಲಿ ನಿಂತಿದ್ದಾಗ ಹೇಳಬೇಕಾಗಿದ್ದದ್ದು ಮೂರೇ ಮಾತು. ನೀರು ಸೇದಿದ್ದು ನಾನು. ಕೇಳಿಸಿಕೊಳ್ಳಬೇಕಾದವರು ಎದುರಿಗಿದ್ದರು. ಆಗ ನಾನು, "ಕೋಲು ಎಷ್ಟವ, ಹತ್ತೂ ಅದಾವೇನು?" ಎಂದು ಕೇಳಿದೆ.

"ಎಣಿಸ್ಕೋರಿ," ಎಂದರು ತಾತ. ನಾನು ಎಣಿಸಲು ತಲೆ ಬಗ್ಗಿಸಿದೆ. ಎತ್ತುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.